ಕೆಳಲೀಗಿನ ಕ್ಲಬ್: ಕೊರತೆಯ ಆಯ್ಕೆ

‘ಫುಟ್‌ಬಾಲ್ ಮ್ಯಾನೇಜರ್’ ಸರಣಿಯ ಗೇಮ್‌ಗಳಲ್ಲಿ ಚೆಂಡು ಒದೆಯುವ ಕೆಲಸ ಆಡುವವರದಲ್ಲ. ತಂಡ ಕಟ್ಟುವುದು, ಆಟಗಾರರನ್ನು ಕೊಳ್ಳುವುದು, ಮಾರುವುದು, ಸಂಬಳಕ್ಕೆ ಚೌಕಾಸಿ ಮಾಡುವುದು, ಯಾರನ್ನು ಆಡಿಸಬೇಕು ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು, ಸೋತರೆ ಆಡಳಿತ ಮಂಡಳಿಗೆ ಉತ್ತರ ಹೇಳುವುದು ಇವಿಷ್ಟೇ ಅವರ ಪಾಲಿಗೆ ಬರುವುದು. ಪಂದ್ಯ ಕಂಪ್ಯೂಟರಿನ ಲೆಕ್ಕಾಚಾರದಲ್ಲಿ ನಡೆದುಹೋಗುತ್ತದೆ. ಹಾಗಾಗಿ ಯಾವ ಕ್ಲಬ್ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಕ್ಷಣದಲ್ಲೇ ಮುಂದಿನ ನೂರಾರು ಗಂಟೆಗಳ ಆಟ ಹೇಗಿರುತ್ತದೆ ಎಂಬುದು ಅರ್ಧಕ್ಕರ್ಧ ತೀರ್ಮಾನವಾಗಿಬಿಟ್ಟಿರುತ್ತದೆ. ಮ್ಯಾಂಚೆಸ್ಟರ್ ಸಿಟಿಯನ್ನು ವಹಿಸಿಕೊಂಡವರ ಚಿಂತೆ ಇರುವ ದುಡ್ಡನ್ನು ಯಾರ ಮೇಲೆ ಸುರಿಯಬೇಕು ಎಂಬುದು. ಇಂಗ್ಲೆಂಡಿನ ಆರನೇ ಹಂತದ ಲೀಗಿನಲ್ಲಿರುವ ಊರ ಕ್ಲಬ್ಬೊಂದನ್ನು ವಹಿಸಿಕೊಂಡವರಿಗೆ ಶನಿವಾರದ ಪಂದ್ಯಕ್ಕೆ ಬೆಂಚು ತುಂಬುವಷ್ಟು ಜನ ಸಿಕ್ಕಾರೇ ಎಂಬುದೇ ಚಿಂತೆ.

ಕೆಳಲೀಗನ್ನು ಬಯಸಿ ಬರುವವರು ಸಾಮಾನ್ಯವಾಗಿ ಕ್ಲಬ್ಬಿನ ಹೆಸರು, ಜೆರ್ಸಿಯ ಬಣ್ಣ, ಹಳೆಯ ವೈಭವದ ಕಥೆ ಅಥವಾ ಈಚೆಗೆ ಸುದ್ದಿಯಾದ ಮಾಲೀಕರನ್ನು ನೋಡಿ ಆರಿಸುತ್ತಾರೆ. ಮನಸ್ಸಿಗೆ ಹಿಡಿಸಿದ್ದನ್ನು ಆರಿಸುವುದು ತಪ್ಪಲ್ಲ. ಆದರೆ ಅಲ್ಲಿ ದಿನಬೆಳಗಾದರೆ ಮಾಡಬೇಕಾದ ಕೆಲಸ ಯಾವುದು ಎಂಬುದು ಇವುಗಳಿಂದ ತಿಳಿಯುವುದಿಲ್ಲ. ಅದು ತಿಳಿಯುವುದು ಆ ಕ್ಲಬ್ಬಿಗೆ ಏನು ಇಲ್ಲ ಎಂಬುದರಿಂದ. ದುಡ್ಡಿಲ್ಲದ ಕ್ಲಬ್, ಮೈದಾನವಿಲ್ಲದ ಕ್ಲಬ್, ಹುಡುಗರನ್ನು ಬೆಳೆಸುವ ವ್ಯವಸ್ಥೆಯಿಲ್ಲದ ಕ್ಲಬ್, ದೂರದ ಮೂಲೆಯಲ್ಲಿದ್ದು ಯಾರೂ ಬರಲೊಪ್ಪದ ಕ್ಲಬ್ ಇವು ನಾಲ್ಕೂ ಪಟ್ಟಿಯಲ್ಲಿ ಅಕ್ಕಪಕ್ಕ ಇರಬಹುದು. ಆಟವಾಗಿ ಇವು ನಾಲ್ಕು ಬೇರೆ ಬೇರೆ ಆಟಗಳು. ಕೆಳಲೀಗಿನ ಕ್ಲಬ್ ಆರಿಸುವುದೆಂದರೆ ಯಾವ ಕೊರತೆಯೊಂದಿಗೆ ಹೆಣಗಾಡಲು ಇಷ್ಟ ಎಂದು ತೀರ್ಮಾನಿಸುವುದು.

ಇಂಥ ಆಯ್ಕೆ ಮೊದಲಿನಿಂದಲೂ ಇದ್ದದ್ದಲ್ಲ. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರೂಪಿಸಿದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ 1992ರಲ್ಲಿ ಹೊರಬಂದಾಗ ಅದರಲ್ಲಿದ್ದದ್ದು ಇಂಗ್ಲೆಂಡಿನ ನಾಲ್ಕು ಡಿವಿಷನ್‌ಗಳು ಮಾತ್ರ. ಆಟಗಾರರ ಹೆಸರುಗಳೂ ಕಂಪ್ಯೂಟರ್ ಹೊಸೆದವು. ಮುಂದೆ ಆ ಸಹೋದರರ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ಪ್ರಕಾಶಕರಿಂದ ಬೇರೆಯಾಯಿತು. ಹಳೆಯ ಹೆಸರು ಪ್ರಕಾಶಕರ ಬಳಿ ಉಳಿಯಿತು, ಗೇಮ್ ಸೆಗಾ ಕಂಪನಿಯ ಮೂಲಕ 2004ರ ಕೊನೆಯಲ್ಲಿ ‘ಫುಟ್‌ಬಾಲ್ ಮ್ಯಾನೇಜರ್ 2005’ ಎಂಬ ಹೊಸ ಹೆಸರಿನಲ್ಲಿ ಬಂತು. ಈ ನಡುವೆ ಅದರ ಡೇಟಾಬೇಸ್ ಬೆಳೆಯುತ್ತಲೇ ಹೋಯಿತು. ಊರೂರಿನಲ್ಲಿ ಪಂದ್ಯ ನೋಡಿ ಆಟಗಾರರಿಗೆ ಅಂಕ ಕೊಡುವ ಹವ್ಯಾಸಿ ಸಂಶೋಧಕರ ಜಾಲ ಅದರ ಬೆನ್ನೆಲುಬು. 2008ರಲ್ಲಿ ಎವರ್ಟನ್ ಕ್ಲಬ್ ತನ್ನ ಸ್ಕೌಟಿಂಗ್‌ಗೆ ಇದೇ ಡೇಟಾಬೇಸನ್ನು ಬಳಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು ಎಂದರೆ ಅದರ ಹರವು ಊಹಿಸಬಹುದು. ಇಂಗ್ಲೆಂಡಿನ ಮಟ್ಟಿಗೆ ಈಗ ಆರನೇ ಹಂತದವರೆಗೆ ಗೇಮ್ ತಾನೇ ಅವಕಾಶ ಕೊಡುತ್ತದೆ. ಇನ್ನೂ ಕೆಳಗೆ ಇಳಿಯಬೇಕೆನ್ನುವವರು ಅಭಿಮಾನಿಗಳು ಎಡಿಟರ್‌ನಲ್ಲಿ ಸಿದ್ಧಪಡಿಸಿದ ಕಡತಗಳನ್ನು ಸೇರಿಸಿಕೊಳ್ಳುತ್ತಾರೆ.

ಕೆಳಲೀಗಿಗೆ ಅರ್ಥ ಬರುವುದು ಏಣಿ ಇದ್ದಾಗ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20, ಅದರ ಕೆಳಗಿನ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂಗಳ ತಲಾ 24 ಸೇರಿ 92 ಕ್ಲಬ್‌ಗಳು. ಅವುಗಳ ಕೆಳಗೆ 24 ಕ್ಲಬ್‌ಗಳ ನ್ಯಾಷನಲ್ ಲೀಗ್, ಅದರ ಕೆಳಗೆ ಉತ್ತರ ಮತ್ತು ದಕ್ಷಿಣ ಎಂಬ ಎರಡು ವಿಭಾಗಗಳು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಭಾರತದ ಫುಟ್‌ಬಾಲ್ ನೋಡಿ ಬೆಳೆದವರಿಗೆ ಈ ಏರಿಳಿತ ಅಷ್ಟಾಗಿ ಪರಿಚಿತವಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ್ದೇ ಐ-ಲೀಗಿನ ಮೊದಲ ದರ್ಜೆಯಲ್ಲಿ. ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು, ಆಮೇಲೆ ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. ಎಲ್ಲಿಯೂ ಮೆಟ್ಟಿಲು ಹತ್ತಬೇಕಾಗಿ ಬರಲಿಲ್ಲ. ಹಿಂಬಡ್ತಿಯ ಭಯವಿಲ್ಲದೆ 2014ರಲ್ಲಿ ಶುರುವಾದ ಸೂಪರ್ ಲೀಗಿಗೆ ಕೆಳಗಿನಿಂದ ಗೆದ್ದು ಬಂದ ಮೊದಲ ಕ್ಲಬ್ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ಹಾಗಾಗಿ ಇಲ್ಲಿನ ಆಸಕ್ತರು ಕೆಳಲೀಗಿನ ಅನುಭವ ಹುಡುಕಿಕೊಂಡು ಇಂಗ್ಲೆಂಡಿನ ಕಡೆ ಹೊರಡುವುದು ಸಹಜ.

ಆ ಏಣಿಯ ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ಲೀಗ್ ಟೂನಿಂದ ಮೇಲಕ್ಕೆ ನಾಲ್ಕು ಕ್ಲಬ್ ಹೋಗುತ್ತವೆ. ಆದರೆ ನ್ಯಾಷನಲ್ ಲೀಗಿನಿಂದ ಲೀಗ್ ಟೂಗೆ ಬರುವುದು ಎರಡೇ, ಅದರಲ್ಲೂ ನೇರವಾಗಿ ಒಂದೇ. 2022–23ರಲ್ಲಿ ಏನಾಯಿತು ನೋಡಿ. ರೆಕ್ಸ್‌ಹ್ಯಾಮ್ 111 ಅಂಕ ಗಳಿಸಿ ನೇರ ಬಡ್ತಿ ಪಡೆಯಿತು. 107 ಅಂಕ ಗಳಿಸಿದ ನಾಟ್ಸ್ ಕೌಂಟಿ ಎರಡನೆಯದಾಗಿ, ಪ್ಲೇ-ಆಫ್ ಆಡಬೇಕಾಗಿ ಬಂದು, ಕೊನೆಗೆ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟಿನ ಮೇಲೆ ಪಾರಾಯಿತು. ಆ ಶೂಟೌಟ್ ಕೈಕೊಟ್ಟಿದ್ದರೆ 107 ಅಂಕದ ತಂಡ ಅಲ್ಲೇ ಉಳಿಯುತ್ತಿತ್ತು. ಐದನೇ ಹಂತದ ಕ್ಲಬ್ಬನ್ನು ಆರಿಸುವವರಿಗೆ ಇದು ತಿಳಿದಿರಬೇಕು. ಆರನೇ ಹಂತದಿಂದ ಐದಕ್ಕೆ ಬರುವುದಕ್ಕಿಂತ ಐದರಿಂದ ನಾಲ್ಕಕ್ಕೆ ಹೋಗುವುದಕ್ಕೇ ಹೆಚ್ಚು ವರ್ಷ ಬೇಕಾಗಬಹುದು. ಇದು ಮ್ಯಾನೇಜರನ ಅಸಾಮರ್ಥ್ಯವಾಗಬೇಕಿಲ್ಲ, ಏಣಿಯನ್ನು ಜೋಡಿಸಿರುವ ಬಗೆಯೇ ಹಾಗೆ. ಜರ್ಮನಿಯ ನಾಲ್ಕನೇ ಹಂತದಲ್ಲಿ ಇನ್ನೂ ಬಿಗಿ: ಐದು ಪ್ರಾದೇಶಿಕ ವಿಭಾಗಗಳಿಗೆ ನಾಲ್ಕೇ ಬಡ್ತಿ. ವಿಭಾಗದಲ್ಲಿ ಮೊದಲ ಸ್ಥಾನ ಪಡೆದೂ ಮೇಲೇರದೆ ಉಳಿಯುವ ದುರದೃಷ್ಟ ಅಲ್ಲಿ ನಿಯಮದಲ್ಲೇ ಇದೆ.

ಎಲ್ಲಕ್ಕಿಂತ ಚಿಕ್ಕ ಕ್ಲಬ್ಬೇ ಎಲ್ಲಕ್ಕಿಂತ ಕಠಿಣ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಆರನೇ ಹಂತದಲ್ಲಿ ಎದುರಾಳಿಗಳೂ ಅಷ್ಟೇ ಬಡವರು. ಬಹುಪಾಲು ಆಟಗಾರರ ಒಪ್ಪಂದ ಒಂದೇ ವರ್ಷದ್ದು. ಜೂನ್ 30ಕ್ಕೆ ನೂರಾರು ಮಂದಿ ಶುಲ್ಕವಿಲ್ಲದೆ ಸಿಗುತ್ತಾರೆ. ಬೇಸಿಗೆಯ ಎರಡು ತಿಂಗಳು ಶ್ರದ್ಧೆಯಿಂದ ಹುಡುಕಿದವರು ವಿಭಾಗದ ಅತ್ಯುತ್ತಮ ತಂಡವನ್ನು ಒಂದೇ ಋತುವಿನಲ್ಲಿ ಕಟ್ಟಬಹುದು. ಕಂಪ್ಯೂಟರ್ ನಡೆಸುವ ಎದುರಾಳಿ ಮ್ಯಾನೇಜರುಗಳಿಗೆ ಈ ತಾಳ್ಮೆ ಇಲ್ಲ. ನಿಜವಾದ ತೊಡಕು ಶುರುವಾಗುವುದು ಎರಡು ಬಡ್ತಿಯ ನಂತರ. ತಂಡ ಮೇಲೇರಿರುತ್ತದೆ, ಕ್ಲಬ್ ಏರಿರುವುದಿಲ್ಲ. ತರಬೇತಿ ವಾರಕ್ಕೆ ಎರಡೋ ಮೂರೋ ಸಂಜೆ, ಆಟಗಾರರಿಗೆ ಹಗಲು ಬೇರೆ ಉದ್ಯೋಗ, ಸ್ಕೌಟ್ ಎಂದರೆ ಒಬ್ಬರು, ಫಿಸಿಯೊ ಇದ್ದರೆ ಪುಣ್ಯ. ಪೂರ್ಣಾವಧಿ ವೃತ್ತಿಪರ ಕ್ಲಬ್ ಆಗಲು ಆಡಳಿತ ಮಂಡಳಿ ಒಪ್ಪಿದ ದಿನ ಸಂಬಳದ ಪಟ್ಟಿ ಏಕಾಏಕಿ ಉಬ್ಬುತ್ತದೆ, ಟಿಕೆಟ್ ಕೊಳ್ಳುವವರ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಹಾಸಿಗೆ ನೋಡಿ ಕಾಲು ಚಾಚಬೇಕೆಂಬುದು ಇಲ್ಲಿ ಪ್ರತಿ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ.

ಮೈದಾನದ ಹುಲ್ಲಿನಂಥ ಸಣ್ಣ ಸಂಗತಿಯೂ ಈ ಲೆಕ್ಕದಲ್ಲಿ ಬರುತ್ತದೆ. ನ್ಯಾಷನಲ್ ಲೀಗಿನಲ್ಲಿ ಕೃತಕ ಹುಲ್ಲುಹಾಸಿಗೆ ಅನುಮತಿಯಿದೆ. ಅದರ ಮೇಲಿನ ನಾಲ್ಕು ಡಿವಿಷನ್‌ಗಳಲ್ಲಿ ಇಲ್ಲ. ಸಣ್ಣ ಕ್ಲಬ್ಬಿಗೆ ಕೃತಕ ಹುಲ್ಲು ಆದಾಯದ ಮೂಲ. ವಾರವಿಡೀ ಶಾಲೆಗಳಿಗೆ, ಊರಿನ ತಂಡಗಳಿಗೆ ಬಾಡಿಗೆ ಕೊಡಬಹುದು, ಮಳೆಗೆ ಪಂದ್ಯ ರದ್ದಾಗುವುದಿಲ್ಲ. ಆದರೆ ಲೀಗ್ ಟೂಗೆ ಬಡ್ತಿ ಸಿಕ್ಕ ಕೂಡಲೇ ಅದನ್ನು ಕಿತ್ತು ನಿಜವಾದ ಹುಲ್ಲು ಹಾಕಬೇಕು. ಹ್ಯಾರೊಗೇಟ್ ಟೌನ್ 2020ರಲ್ಲಿ ಬಡ್ತಿ ಪಡೆದಾಗ ಮೈದಾನ ಸಿದ್ಧವಾಗುವವರೆಗೆ ಡಾನ್‌ಕಾಸ್ಟರಿನಲ್ಲಿ ಆಡಿತು. ಮರುವರ್ಷ ಸಟನ್ ಯುನೈಟೆಡ್ ಕೂಡ ತನ್ನ ಕೃತಕ ಹಾಸನ್ನು ತೆಗೆಸಬೇಕಾಯಿತು. ಗೆಲುವೇ ಆದಾಯಕ್ಕೆ ಕುತ್ತು ತರುವ ಇಂಥ ವಿಚಿತ್ರಗಳು ಕೆಳಲೀಗಿನಲ್ಲಿ ಮಾತ್ರ ಸಿಗುತ್ತವೆ.

ದೂರವೂ ಒಂದು ಕೊರತೆಯೇ. ಕಾರ್ನ್‌ವಾಲಿನ ಟ್ರೂರೊ ಸಿಟಿ 2025ರಲ್ಲಿ ನ್ಯಾಷನಲ್ ಲೀಗಿಗೆ ಬಂದಾಗ ದೇಶದ ಈಶಾನ್ಯದ ಗೇಟ್ಸ್‌ಹೆಡ್ ಅದರ ಎದುರಾಳಿಗಳಲ್ಲಿ ಒಂದಾಯಿತು. ಎರಡರ ನಡುವೆ ರಸ್ತೆಯಲ್ಲಿ 700 ಕಿ.ಮೀ.ಗೂ ಹೆಚ್ಚು. ಇದೇ ಟ್ರೂರೊ 2024ರಲ್ಲಿ ಹೊಸ ಮೈದಾನ ಸಿಗುವವರೆಗೆ ತನ್ನ ‘ತವರಿನ’ ಪಂದ್ಯಗಳನ್ನೂ ಬೇರೆ ಊರುಗಳಲ್ಲಿ ಆಡುತ್ತಿತ್ತು. ಮೂಲೆಯ ಊರಿನ ಕ್ಲಬ್ಬಿಗೆ ಅರೆಕಾಲಿಕ ಆಟಗಾರರು ಸಿಗುವುದೇ ಕಷ್ಟ. ಹಗಲು ಕೆಲಸಕ್ಕೆ ಹೋಗುವವನು ಮಂಗಳವಾರ ಸಂಜೆಯ ತರಬೇತಿಗೆ ನೂರು ಮೈಲಿ ಬರುವುದಿಲ್ಲ. ಲಂಡನ್ ಸುತ್ತಮುತ್ತಲಿನ ಕ್ಲಬ್ಬುಗಳಿಗೆ ಈ ತಾಪತ್ರಯವಿಲ್ಲ. ದೊಡ್ಡ ಅಕಾಡೆಮಿಗಳು ಕೈಬಿಟ್ಟ ಹತ್ತೊಂಬತ್ತರ ಹುಡುಗರು ಅಲ್ಲಿ ಅರ್ಧ ಗಂಟೆಯ ದೂರದಲ್ಲೇ ಇರುತ್ತಾರೆ. ಆ ಕ್ಲಬ್ಬುಗಳ ಕೊರತೆ ಬೇರೆ: ಹತ್ತಿರದಲ್ಲೇ ದೊಡ್ಡ ಕ್ಲಬ್ಬುಗಳಿರುವುದರಿಂದ ಪಂದ್ಯ ನೋಡಲು ಜನ ಬರುವುದಿಲ್ಲ.

ಆರಿಸುವವರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಧನಿಕ ಮಾಲೀಕ. ಗೇಮಿನ ಡೇಟಾಬೇಸ್ ಮಾಲೀಕರ ಧಾರಾಳತನವನ್ನೂ ದಾಖಲಿಸಿಕೊಂಡಿರುತ್ತದೆ. ಅಂಥ ಕ್ಲಬ್ಬಿನಲ್ಲಿ ಸಂಬಳದ ಮಿತಿ ಎದುರಾಳಿಗಳದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ನಟರಾದ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್ಹೆನಿ 2021ರಲ್ಲಿ ಕೊಂಡ ರೆಕ್ಸ್‌ಹ್ಯಾಮ್ 2023, 2024, 2025ರಲ್ಲಿ ಸತತ ಮೂರು ಬಡ್ತಿ ಪಡೆದು ಐದನೇ ಹಂತದಿಂದ ಎರಡನೇ ಹಂತಕ್ಕೆ ಏರಿತು. ನೋಡುವುದಕ್ಕೆ ಚೆಂದದ ಕಥೆ. ಆದರೆ ಗೇಮಿನಲ್ಲಿ ಆ ಐದನೇ ಹಂತದ ರೆಕ್ಸ್‌ಹ್ಯಾಮನ್ನು ಆರಿಸಿಕೊಂಡವರು ಕೆಳಲೀಗನ್ನು ಆರಿಸಿದಂತಲ್ಲ, ಕೆಳಲೀಗಿನಲ್ಲಿ ತಾತ್ಕಾಲಿಕವಾಗಿ ಬೀಡುಬಿಟ್ಟ ದೊಡ್ಡ ಕ್ಲಬ್ಬನ್ನು ಆರಿಸಿದಂತೆ. ಹುಡುಕಬೇಕಾದದ್ದು, ಉಳಿಸಬೇಕಾದದ್ದು, ಕಾಯಬೇಕಾದದ್ದು ಅಲ್ಲಿ ಕಡಿಮೆ.

ಒಬ್ಬ ದಾನಿಯನ್ನೇ ನೆಚ್ಚಿಕೊಂಡ ಕ್ಲಬ್ಬಿನ ಇನ್ನೊಂದು ಮುಖ ಗ್ರೆಟ್ನಾ. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡಿರುವ, ಮೂರು ಸಾವಿರದಷ್ಟು ಜನರಿರುವ ಈ ಸ್ಕಾಟಿಷ್ ಊರಿನ ತಂಡ 2002ರವರೆಗೆ ಇಂಗ್ಲೆಂಡಿನ ಸಣ್ಣ ಲೀಗುಗಳಲ್ಲಿ ಆಡುತ್ತಿತ್ತು. ಆಮೇಲೆ ಸ್ಕಾಟಿಷ್ ಲೀಗಿನಲ್ಲಿ ಜಾಗ ಸಿಕ್ಕಿತು, ಉದ್ಯಮಿ ಬ್ರೂಕ್ಸ್ ಮೈಲ್ಸನ್ ದುಡ್ಡು ಹಾಕಿದರು. 2005ರಿಂದ 2007ರವರೆಗೆ ಸತತ ಮೂರು ಬಡ್ತಿ, 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್, ಅದರ ಬೆನ್ನಿಗೆ ಯುಇಎಫ್‌ಎ ಕಪ್ ಪಂದ್ಯ. ಅಗ್ರ ಲೀಗಿಗೆ ಬಂದಾಗ ಸ್ವಂತ ಮೈದಾನ ಅದಕ್ಕೆ ತಕ್ಕುದಾಗಿರದೆ ತವರಿನ ಪಂದ್ಯಗಳನ್ನು ಮದರ್‌ವೆಲ್‌ನಲ್ಲಿ ಆಡಬೇಕಾಯಿತು. 2008ರಲ್ಲಿ ಮೈಲ್ಸನ್ ಕಾಯಿಲೆ ಬಿದ್ದರು, ಹಣ ನಿಂತಿತು, ಅದೇ ವರ್ಷ ಕ್ಲಬ್ಬೂ ಮುಚ್ಚಿಹೋಯಿತು. ಮೂರು ಬಡ್ತಿಗಳಲ್ಲಿ ಏರಿದ್ದು ಮೈದಾನದ ಮೇಲಿನ ಹನ್ನೊಂದು ಜನ ಮಾತ್ರ. ಪ್ರೇಕ್ಷಕರು, ಆದಾಯ, ಕಟ್ಟಡ ಇದ್ದಲ್ಲೇ ಇದ್ದವು. ಗೇಮ್ ಆಡುವವರು ತಮಗರಿವಿಲ್ಲದೆ ಕಟ್ಟುವುದು ಎಷ್ಟೋ ಸಲ ಇಂಥದೇ ಕ್ಲಬ್ಬನ್ನು. ಅವರಿಗೆ ಅದು ತಿಳಿಯದಿರಲು ಕಾರಣ, ಗೇಮಿನಲ್ಲಿ ಮುಂದಿನ ಬಡ್ತಿಯ ಬಹುಮಾನದ ಹಣ ಹಳೆಯ ತೂತನ್ನು ಮುಚ್ಚುತ್ತಾ ಹೋಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಕ್ಲಬ್ ಎಕ್ಸಿಟರ್ ಸಿಟಿ. ಡೆವನ್ ಪ್ರಾಂತ್ಯದ ಈ ಕ್ಲಬ್ 2003ರಲ್ಲಿ ಸಾಲದ ಹೊರೆ ಹೊತ್ತು ನಾಲ್ಕನೇ ಹಂತದಿಂದ ಐದಕ್ಕೆ ಬಿತ್ತು. ಆಗ ಅದನ್ನು ಅಭಿಮಾನಿಗಳ ಟ್ರಸ್ಟ್ ವಹಿಸಿಕೊಂಡಿತು, ಇಂದಿಗೂ ಬಹುಪಾಲು ಒಡೆತನ ಟ್ರಸ್ಟಿನದೇ. ಅದನ್ನು ಬದುಕಿಸಿದ ಘಟನೆಗಳಲ್ಲಿ ಒಂದು 2005ರ ಜನವರಿಯಲ್ಲಿ ನಡೆಯಿತು. ಎಫ್‌ಎ ಕಪ್ಪಿನ ಮೂರನೇ ಸುತ್ತಿನಲ್ಲಿ ಓಲ್ಡ್ ಟ್ರಾಫರ್ಡ್‌ನ 67 ಸಾವಿರಕ್ಕೂ ಹೆಚ್ಚು ಜನರೆದುರು ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಎಕ್ಸಿಟರ್ 0–0ಗೆ ಹಿಡಿದು ನಿಲ್ಲಿಸಿತು. ಮರುಪಂದ್ಯದಲ್ಲಿ 0–2ರಿಂದ ಸೋತರೂ ಎರಡೂ ಪಂದ್ಯಗಳ ಗೇಟ್ ಹಣದ ಪಾಲು, ಟಿವಿ ಹಣ ಸಾಲ ತೀರಿಸಲು ಒದಗಿತು. ಒಂದು ಡ್ರಾ ಒಂದು ಕ್ಲಬ್ಬನ್ನು ಉಳಿಸಬಲ್ಲದು ಎಂಬುದು ಕೆಳಲೀಗಿನ ಅರ್ಥಶಾಸ್ತ್ರ. 2024–25ರಿಂದ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯಗಳನ್ನೇ ರದ್ದು ಮಾಡಿರುವುದರಿಂದ ಅಂಥ ಎರಡನೇ ಹುಂಡಿ ಈಗ ಯಾರಿಗೂ ಇಲ್ಲ. ಸಣ್ಣ ಕ್ಲಬ್ಬುಗಳು ಈ ತೀರ್ಮಾನಕ್ಕೆ ಯಾಕೆ ಅಷ್ಟು ಸಿಟ್ಟಾದವು ಎಂಬುದು ಎಕ್ಸಿಟರಿನ ಲೆಕ್ಕಪತ್ರ ನೋಡಿದವರಿಗೆ ಅರ್ಥವಾಗುತ್ತದೆ.

ಎಕ್ಸಿಟರಿಗೆ ಅದಕ್ಕಿಂತ ಸ್ಥಿರವಾದ ಆದಾಯ ಬಂದದ್ದು ತಾನೇ ಬೆಳೆಸಿದ ಹುಡುಗರಿಂದ. ಓಲಿ ವಾಟ್ಕಿನ್ಸ್ ಅಲ್ಲಿಯೇ ಬೆಳೆದ ಹುಡುಗ; 2014–15ರಲ್ಲಿ ಅವನನ್ನು ಆರನೇ ಹಂತದ ವೆಸ್ಟನ್-ಸೂಪರ್-ಮೇರ್‌ಗೆ ಲೋನ್ ಮೇಲೆ ಕಳಿಸಿ ಪಳಗಿಸಿದರು. 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಮಾರುವಾಗ, ಮುಂದೆ ಮರುಮಾರಾಟವಾದರೆ ಲಾಭದಲ್ಲಿ ತನಗೂ ಪಾಲು ಬೇಕೆಂಬ ಷರತ್ತನ್ನು ಕ್ಲಬ್ ಒಪ್ಪಂದದಲ್ಲಿ ಸೇರಿಸಿತು. 2020ರಲ್ಲಿ ಆಸ್ಟನ್ ವಿಲ್ಲಾ ಅವನನ್ನು ಕೊಂಡಾಗ ಎಕ್ಸಿಟರಿಗೆ ಮತ್ತೆ ಹಣ ಬಂತು. 2024ರ ಯೂರೊ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಗೆಲುವಿನ ಗೋಲು ಹೊಡೆದವನು ಇವನೇ. ಆದರೆ ಈತನ್ ಅಂಪಾಡು ವಿಷಯದಲ್ಲಿ ಲೆಕ್ಕ ಅಷ್ಟು ಅನುಕೂಲವಾಗಿ ನಡೆಯಲಿಲ್ಲ. ಹದಿನೈದರ ವಯಸ್ಸಿನಲ್ಲೇ ಎಕ್ಸಿಟರ್ ಪರ ಆಡಿದ ಅವನನ್ನು 2017ರಲ್ಲಿ ಚೆಲ್ಸಿ ಸೆಳೆದುಕೊಂಡಿತು; ಪರಿಹಾರ ಎಷ್ಟೆಂಬುದನ್ನು ನ್ಯಾಯಮಂಡಳಿ ನಿಗದಿ ಮಾಡಬೇಕಾಯಿತು.

ಗೇಮಿನೊಳಗೂ ಇವೆರಡೂ ಹಾಗೆಯೇ ನಡೆಯುತ್ತವೆ. ಮರುಮಾರಾಟದ ಷರತ್ತು ಹಾಕಲು ಮರೆತ ಮ್ಯಾನೇಜರ್ ಐದು ವರ್ಷದ ನಂತರ ಪತ್ರಿಕೆಯ ಪುಟದಲ್ಲಿ ತನ್ನ ಹಳೆಯ ಹುಡುಗನ ಬೆಲೆ ಓದಿ ಕೈ ಹಿಸುಕಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ, ಇಂಗ್ಲೆಂಡಿನಲ್ಲಾದರೆ ಮಾರ್ಚ್ ಹೊತ್ತಿಗೆ, ಅಕಾಡೆಮಿಯಿಂದ ಹೊಸ ಹುಡುಗರ ಗುಂಪು ಬರುತ್ತದೆ. ಆ ಗುಂಪಿನ ಗುಣಮಟ್ಟ ಯುವ ತರಬೇತಿ, ಹುಡುಗರನ್ನು ಹುಡುಕುವ ಜಾಲ, ಯುವ ವಿಭಾಗದ ಮುಖ್ಯಸ್ಥರ ಸ್ವಭಾವ ಇವೆಲ್ಲವನ್ನೂ ಅವಲಂಬಿಸುತ್ತದೆ. ಒಂದೊಂದನ್ನು ಮೇಲ್ದರ್ಜೆಗೇರಿಸಲೂ ಆಡಳಿತ ಮಂಡಳಿಯ ಒಪ್ಪಿಗೆ, ಹಣ, ಹಲವು ತಿಂಗಳು ಬೇಕು. ದುಡ್ಡು ಸುರಿದು ಇದನ್ನು ಒಂದು ಬೇಸಿಗೆಯಲ್ಲಿ ಮುಗಿಸಲಾಗದು. ಎಕ್ಸಿಟರಿನಂಥ ಕ್ಲಬ್ಬನ್ನು ಆರಿಸಲು ಇರುವ ಬಲವಾದ ಕಾರಣ ಇದೇ. ಅಲ್ಲಿನ ಕೊರತೆ ಮ್ಯಾನೇಜರನ ತೀರ್ಮಾನಗಳಿಗೆ ನಿಧಾನವಾಗಿ ಬಗ್ಗುತ್ತದೆ, ಆದರೆ ಒಮ್ಮೆಗೇ ಮಾಯವಾಗುವುದಿಲ್ಲ.

ಬಿದ್ದ ದೊಡ್ಡ ಕ್ಲಬ್ಬುಗಳ ಆಕರ್ಷಣೆ ಮತ್ತೊಂದು ಬಗೆಯದು. ಲೂಟನ್ ಟೌನ್ 2008–09ರ ಋತುವನ್ನು ಆರ್ಥಿಕ ಅಕ್ರಮಗಳ ದಂಡವಾಗಿ ಮೈನಸ್ 30 ಅಂಕಗಳಿಂದ ಶುರು ಮಾಡಿ ಐದನೇ ಹಂತಕ್ಕೆ ಜಾರಿತು. ಅಲ್ಲಿಂದ 2014ರಲ್ಲಿ ಎದ್ದು, 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. ಸಾಲುಮನೆಗಳ ನಡುವಿನ ಬಾಗಿಲುಗಳ ಮೂಲಕ ಒಳಹೋಗುವ ಅದರ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಆ ವರ್ಷ ಜಗತ್ತಿನ ದುಬಾರಿ ಆಟಗಾರರು ಆಡಿದರು. ಆಮೇಲೆ 2024, 2025ರಲ್ಲಿ ಎರಡು ಹಿಂಬಡ್ತಿ. ಬಿದ್ದ ದೊಡ್ಡವರನ್ನು ಗೇಮಿನಲ್ಲಿ ವಹಿಸಿಕೊಂಡರೆ ಪ್ರೇಕ್ಷಕರು ಇರುತ್ತಾರೆ, ಮೈದಾನ ಇರುತ್ತದೆ, ಹೆಸರು ನೋಡಿ ಆಟಗಾರರೂ ಬರುತ್ತಾರೆ. ಇಲ್ಲದಿರುವುದು ಸಮಯ. ಮೊದಲ ವರ್ಷವೇ ಬಡ್ತಿ ಬೇಕೆಂದು ಆಡಳಿತ ಮಂಡಳಿ ಕಾದು ಕೂತಿರುತ್ತದೆ, ಮೇಲಿನ ಡಿವಿಷನ್ನಿನ ಸಂಬಳ ಪಡೆಯುವ ಮೂವತ್ತು ದಾಟಿದ ನಾಲ್ಕಾರು ಜನ ಇನ್ನೆರಡು ವರ್ಷ ಒಪ್ಪಂದದಲ್ಲಿರುತ್ತಾರೆ. ಹೊಸಬರಿಗೆ ಇದು ಸುಲಭವೆಂದು ತೋರುತ್ತದೆ. ನವೆಂಬರ್ ಹೊತ್ತಿಗೆ ಕೆಲಸ ಕಳೆದುಕೊಳ್ಳುವವರು ಹೆಚ್ಚಾಗಿ ಇಂಥಲ್ಲೇ.

ಹಾಗಾದರೆ ಆರಿಸುವ ಮುನ್ನ ಏನನ್ನು ನೋಡಬೇಕು? ಪತ್ರಕರ್ತರ ಭವಿಷ್ಯವಾಣಿಯ ಪಟ್ಟಿಯಲ್ಲಿ ಕ್ಲಬ್ ಎಷ್ಟನೆಯದು ಎಂಬುದನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಉಪಯುಕ್ತ ಒಪ್ಪಂದಗಳ ಪುಟ. ಆರನೇ ಹಂತದ ಕ್ಲಬ್ಬಿನಲ್ಲಿ ಅದನ್ನು ತೆರೆದರೆ ಸಾಮಾನ್ಯವಾಗಿ ಕಾಣುವುದು ಹದಿನೈದು ಹದಿನಾರು ಹೆಸರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅವಧಿ ಮುಗಿಯಲು ಒಂದೇ ವರ್ಷ, ಒಂದಿಬ್ಬರು ಒಪ್ಪಂದವೇ ಇಲ್ಲದೆ ಪಂದ್ಯಕ್ಕಿಷ್ಟು ಎಂದು ಆಡುವವರು. ಒಪ್ಪಂದವಿಲ್ಲದವರು ಚೆನ್ನಾಗಿ ಆಡಿದರೆ ಬೇರೆ ಕ್ಲಬ್ ಬಿಡಿಗಾಸು ಕೊಡದೆ ಕರೆದುಕೊಂಡು ಹೋಗುತ್ತದೆ. ಆಮೇಲೆ ಹಣಕಾಸಿನ ಪುಟ: ಈಗ ಖರ್ಚಾಗುತ್ತಿರುವ ಸಂಬಳ ಮಿತಿಯೊಳಗಿದೆಯೇ, ಮೈದಾನ ಸ್ವಂತದ್ದೇ ಬಾಡಿಗೆಯದ್ದೇ, ಸಾಲವಿದ್ದರೆ ಕಂತು ಎಷ್ಟು. ಬ್ಯಾಂಕಿನಲ್ಲಿರುವ ಮೊತ್ತವೊಂದನ್ನೇ ನೋಡಿ ಬೀಗಿದವರು ಋತುವಿನ ನಡುವೆ ಕೈಸುಟ್ಟುಕೊಳ್ಳುತ್ತಾರೆ. ಸೀಸನ್ ಟಿಕೆಟಿನ ಹಣ ಬೇಸಿಗೆಯಲ್ಲೇ ಒಟ್ಟಿಗೆ ಬಂದು ಖಾತೆಯನ್ನು ಉಬ್ಬಿಸಿ ತೋರಿಸುತ್ತದೆ, ಚಳಿಗಾಲದಲ್ಲಿ ಅದು ಕರಗುತ್ತದೆ. ಲೋನ್ ಆಟಗಾರರನ್ನು ನಂಬಿ ಕಟ್ಟಿದ ತಂಡವೂ ಅಪಾಯದ್ದೇ. ಲೀಗ್ ಡಿವಿಷನ್‌ಗಳಲ್ಲಿ ಪಂದ್ಯದ ದಿನದ ಪಟ್ಟಿಯಲ್ಲಿ ಐವರಿಗಿಂತ ಹೆಚ್ಚು ಲೋನ್ ಆಟಗಾರರನ್ನು ಹಾಕುವಂತಿಲ್ಲ, ಮೇ ತಿಂಗಳಲ್ಲಿ ಆ ಐವರೂ ತಮ್ಮ ಮೂಲ ಕ್ಲಬ್ಬಿಗೆ ಮರಳುತ್ತಾರೆ.

ಆಟಗಾರರ ಅಂಕಗಳನ್ನು ಓದುವ ಕ್ರಮವೂ ಇಲ್ಲಿ ಬೇರೆ. ಗೇಮಿನಲ್ಲಿ ಪ್ರತಿಯೊಂದು ಗುಣಕ್ಕೂ 1ರಿಂದ 20ರವರೆಗೆ ಅಂಕ. ಮೇಲಿನ ಲೀಗಿನಲ್ಲಿ ಪಾಸಿಂಗ್ 15 ಇಲ್ಲದ ಮಿಡ್‌ಫೀಲ್ಡರನನ್ನು ಯಾರೂ ಮುಟ್ಟುವುದಿಲ್ಲ. ಆರನೇ ಹಂತದಲ್ಲಿ ಅದು 9 ಇದ್ದರೆ ಸಾಕು. ಫಾರ್ವರ್ಡ್ ಒಬ್ಬನ ಓಟ 14, ಚೆಂಡು ಹಿಡಿತ 7, ಗೋಲು ಹೊಡೆಯುವ ಗುಣ 9 ಎಂದುಕೊಳ್ಳಿ. ಇನ್ನೊಬ್ಬನದು ಓಟ 8, ಉಳಿದೆರಡೂ 11. ಕಾಗದದ ಮೇಲೆ ಎರಡನೆಯವನೇ ಆಟ ಬಲ್ಲವನು, ಅಂಕಗಳ ಮೊತ್ತದಲ್ಲಿ ಇಬ್ಬರೂ ಸಮ. ಆದರೆ ಕೆಳಲೀಗಿನ ರಕ್ಷಣಾ ಆಟಗಾರರು ನಿಧಾನಿಗಳು, ತಿರುಗುವುದರಲ್ಲಿ ತಡ. ಅಂಥವರ ಬೆನ್ನ ಹಿಂದೆ ಚೆಂಡು ಹಾಕಿದಾಗ ಗೋಲು ತರುವವನು ಮೊದಲನೆಯವನು. ಎರಡು ಬಡ್ತಿಯ ನಂತರ ಅವನ ಓಟವಷ್ಟೇ ಸಾಲದು, ಅವನನ್ನು ಬಿಟ್ಟುಕೊಡಬೇಕಾಗುತ್ತದೆ. ಕೆಳಗಿನಿಂದ ಬಂದ ಮ್ಯಾನೇಜರನಿಗೆ ಅತಿ ಕಷ್ಟವಾಗುವುದು ತನ್ನನ್ನು ಮೇಲೆ ತಂದವರನ್ನೇ ಕಳಿಸಿಕೊಡುವುದು. ಇದಕ್ಕೆ ಗೇಮಿನಲ್ಲಿ ಯಾವ ಅಂಕವೂ ಇಲ್ಲ.

ಈ ಅಂಕಗಳನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಬಾಕಿ ಇದೆ. ಮೇಲಿನ ಲೀಗಿನ ಆಟಗಾರರನ್ನು ಸಾವಿರಾರು ಕಣ್ಣು ನೋಡುತ್ತಿರುತ್ತವೆ; ಕೆಳಗೆ ಒಬ್ಬ ಹವ್ಯಾಸಿಯ ಅಭಿಪ್ರಾಯವೇ ಪ್ರಮಾಣ. ‘ಚಾಂಪಿಯನ್‌ಶಿಪ್ ಮ್ಯಾನೇಜರ್ 01/02’ರಲ್ಲಿ ಪೋರ್ಚುಗಲ್ಲಿನ ಗೋವೆಯಾ ಎಂಬ ಪುಟ್ಟ ಕ್ಲಬ್ಬಿನಲ್ಲಿ ತೊ ಮದೇಯ್ರಾ ಎಂಬ ಮಹಾ ಗೋಲುವೀರ ಸಿಗುತ್ತಿದ್ದ. ಜಗತ್ತಿನಾದ್ಯಂತ ಆಡುವವರು ಅವನನ್ನು ಕೊಂಡು ಕಪ್ ಗೆದ್ದರು. ನಿಜಜೀವನದಲ್ಲಿ ಅಂಥ ಆಟಗಾರನೇ ಇರಲಿಲ್ಲ. ಮಾಹಿತಿ ಕಳಿಸುತ್ತಿದ್ದವನು ಪಟ್ಟಿಯಲ್ಲಿ ತನ್ನನ್ನೇ ತೂರಿಸಿಕೊಂಡಿದ್ದ. ಈಗ ತಪಾಸಣೆ ಬಿಗಿಯಾಗಿದೆ. ಆದರೂ ಕೆಳಗೆ ಹೋದಂತೆ ಮಾಹಿತಿ ತೆಳುವಾಗುವುದು ತಪ್ಪಿಲ್ಲ, ಎಷ್ಟೋ ಗುಣಗಳನ್ನು ಗೇಮ್ ತಾನೇ ಊಹಿಸಿ ತುಂಬುತ್ತದೆ. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ಆದರೆ ಕೆಳಲೀಗಿನ ನಿಜವಾದ ಮ್ಯಾನೇಜರಿಗೂ ಸಿಗುವುದು ಇಂಥದೇ ಅರೆಬರೆ ಮಾಹಿತಿ. ಅಂತರ್ಜಾಲದಲ್ಲಿ ಸಿಗುವ ‘ಅಗ್ಗದ ಪ್ರತಿಭೆ’ಗಳ ಪಟ್ಟಿ ನೋಡಿ ಆಟಗಾರರನ್ನು ತರುವವರು ಕೆಳಲೀಗಿನಲ್ಲಿ ಇರುವ ಒಂದೇ ಒಂದು ಕುತೂಹಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕುವುದು ಗೇಮನ್ನು ಗುಮಾಸ್ತಗಿರಿ ಮಾಡಿದಂತಲ್ಲವೇ, ಬಣ್ಣ ಇಷ್ಟವಾದ ಕ್ಲಬ್ಬನ್ನು ಆರಿಸಿ ಆಡಿದರೆ ಸಾಲದೇ ಎಂಬ ಆಕ್ಷೇಪ ಬರುವುದು ಸಹಜ. ಅದರಲ್ಲಿ ಹುರುಳಿದೆ. ನ್ಯಾಷನಲ್ ಲೀಗಿನ ಒಂದು ಋತುವೆಂದರೆ 46 ಪಂದ್ಯ, ಕಪ್ ಪಂದ್ಯಗಳು ಬೇರೆ. ಪ್ರೀತಿ ಇಲ್ಲದ ಕ್ಲಬ್ಬಿನೊಂದಿಗೆ ಅಷ್ಟು ದೂರ ಯಾರೂ ಹೋಗಲಾರರು. ಆದರೆ ಬಣ್ಣದ ಮೇಲಿನ ಪ್ರೀತಿ ಸೋಲಿನಿಂದ ಸಾಯುವುದು ಅಪರೂಪ, ಅದನ್ನು ಕೊಲ್ಲುವುದು ಸರಾಗವಾದ ಗೆಲುವು. ಕೆಳಲೀಗಿನಲ್ಲಿ ಆರಂಭಿಸಿದ ಆಟಗಳನ್ನು ಅರ್ಧಕ್ಕೆ ಬಿಡುವವರು ಸಾಮಾನ್ಯವಾಗಿ ಕ್ಲಬ್ ಚಾಂಪಿಯನ್‌ಶಿಪ್ ತಲುಪಿದ ಹೊತ್ತಿಗೆ ಬಿಡುತ್ತಾರೆ. ಆಗ ಹಳೆಯ ಆಟಗಾರರಲ್ಲಿ ಒಬ್ಬರೂ ಉಳಿದಿರುವುದಿಲ್ಲ, ಮೈದಾನ ಹೊಸದು, ಸಂಬಳ ಎಲ್ಲರಂತೆ; ಹೆಸರೊಂದನ್ನು ಬಿಟ್ಟರೆ ಪಕ್ಕದ ಕ್ಲಬ್ಬಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಈ ಸವಕಳಿಯನ್ನು ಗೇಮ್ ತಡೆಯುವುದಿಲ್ಲ, ಬದಲಿಗೆ ಪ್ರೋತ್ಸಾಹಿಸುತ್ತದೆ. ಕ್ಲಬ್ಬಿನ ಪ್ರತಿಷ್ಠೆಯನ್ನು ಅದು ಅಂಕವಾಗಿ ಎಣಿಸುತ್ತದೆ, ಅಂಕ ಏರಿದಂತೆ ಆಟಗಾರರು, ಹಣ, ತರಬೇತುದಾರರು ತಾವಾಗಿಯೇ ಬರುತ್ತಾರೆ. ಅದಕ್ಕೇ ಆಡುವವರಲ್ಲಿ ಹಲವರು ತಮಗೆ ತಾವೇ ಕಟ್ಟಳೆ ಹಾಕಿಕೊಳ್ಳುತ್ತಾರೆ: ಅಕಾಡೆಮಿಯ ಹುಡುಗರನ್ನು ಬಿಟ್ಟು ಬೇರೆಯವರನ್ನು ತರುವುದಿಲ್ಲ, ಇಂತಿಷ್ಟು ಮೈಲಿಯೊಳಗೆ ಹುಟ್ಟಿದವರನ್ನಷ್ಟೇ ಆಡಿಸುತ್ತೇವೆ ಎಂದು. ಆರಿಸುವಾಗಲೇ ಸರಿಯಾದ ಕೊರತೆಯನ್ನು ಆರಿಸಿದ್ದರೆ ಈ ಕಟ್ಟಳೆಗಳಲ್ಲಿ ಅರ್ಧದಷ್ಟು ಬೇಕಾಗುತ್ತಿರಲಿಲ್ಲ.

ಇಂಗ್ಲೆಂಡನ್ನು ಬಿಟ್ಟು ಹೊರಗೆ ನೋಡಿದರೆ ಕೊರತೆಯ ಬಗೆಗಳು ಇನ್ನೂ ಇವೆ. ಸ್ಪೇನಿನಲ್ಲಿ ದೊಡ್ಡ ಕ್ಲಬ್ಬುಗಳ ಎರಡನೇ ತಂಡಗಳೂ ಅದೇ ಏಣಿಯಲ್ಲಿ ಆಡುತ್ತವೆ. ಊರ ಕ್ಲಬ್ಬೊಂದು ಬಡ್ತಿಗಾಗಿ ಪೈಪೋಟಿ ನಡೆಸುವುದು ಶ್ರೀಮಂತರ ಮನೆಯ ಮಕ್ಕಳ ಜೊತೆ. ವೇಲ್ಸ್‌ನ ಲೀಗ್ ಪುಟ್ಟದು, ಪ್ರೇಕ್ಷಕರು ನೂರರ ಲೆಕ್ಕದಲ್ಲಿ. ಆದರೆ ಅದರ ಚಾಂಪಿಯನ್ನರಿಗೆ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನ ಬಾಗಿಲು ತೆರೆದಿದೆ. ಒಮ್ಮೆ ಅಲ್ಲಿ ಆಡಿ ಬಂದ ಕ್ಲಬ್ಬಿಗೆ ಸಿಗುವ ಹಣ ಉಳಿದವರ ವರ್ಷದ ಆದಾಯವನ್ನು ಮೀರಿಸುವುದರಿಂದ ಅದೇ ಕ್ಲಬ್ ಮತ್ತೆ ಮತ್ತೆ ಗೆಲ್ಲುತ್ತದೆ. ದಿ ನ್ಯೂ ಸೇಂಟ್ಸ್ ಅಲ್ಲಿ ಮಾಡುತ್ತಿರುವುದು ಇದನ್ನೇ. ಆ ಲೀಗಿನಲ್ಲಿ ಬೇರೆ ಕ್ಲಬ್ಬನ್ನು ಆರಿಸಿದವರಿಗೆ ಏರಲು ಮೆಟ್ಟಿಲೇ ಇಲ್ಲ, ಇರುವುದು ಒಬ್ಬನೇ ಎದುರಾಳಿ.

ಯಾವುದನ್ನೂ ಆರಿಸದೆ ಶುರು ಮಾಡುವ ದಾರಿಯೂ ಗೇಮಿನಲ್ಲಿದೆ. ಕೋಚಿಂಗ್ ಲೈಸೆನ್ಸ್ ಇಲ್ಲದ, ಭಾನುವಾರದ ಮೈದಾನಗಳಲ್ಲಿ ಆಡಿದ ಅನುಭವವಷ್ಟೇ ಇರುವ ನಿರುದ್ಯೋಗಿ ಮ್ಯಾನೇಜರ್ ಆಗಿ ನಿಂತು, ಕರೆಯುವ ಕ್ಲಬ್ಬಿಗಾಗಿ ಕಾಯಬೇಕು. ಕರೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ, ಹಳೆಯ ಮ್ಯಾನೇಜರನನ್ನು ಮನೆಗೆ ಕಳಿಸಿದ ಕ್ಲಬ್ಬುಗಳಿಂದ. ತಂಡ ಪಟ್ಟಿಯ ತಳದಲ್ಲಿರುತ್ತದೆ, ಸಂಬಳದ ಮಿತಿ ಮುಗಿದಿರುತ್ತದೆ, ಆಟಗಾರರು ಬೇರೊಬ್ಬರು ಬೇರೊಂದು ತಂತ್ರಕ್ಕಾಗಿ ಆರಿಸಿದವರು. ಇಲ್ಲಿ ಕೊರತೆಯನ್ನು ಆರಿಸುವ ಸ್ವಾತಂತ್ರ್ಯ ಇಲ್ಲ, ಸಿಕ್ಕಿದ್ದನ್ನು ಹೊರಬೇಕು. ನಿಜವಾದ ಮ್ಯಾನೇಜರುಗಳ ಬದುಕಿಗೆ ಇದೇ ಅತಿ ಹತ್ತಿರ. ಆದರೆ ಗೇಮಿನ ಒಳಹೊರಗು ಗೊತ್ತಿಲ್ಲದವರು ಇದರಿಂದ ಶುರು ಮಾಡಬಾರದು. ಸೋಲು ತನ್ನ ತಂತ್ರದ್ದೋ ಹಿಂದಿನವರು ಬಿಟ್ಟುಹೋದದ್ದೋ ಎಂದು ಬೇರ್ಪಡಿಸಿ ನೋಡಲು ಕನಿಷ್ಠ ಒಂದು ಪೂರ್ತಿ ಋತುವನ್ನು ಬೇಸಿಗೆಯಿಂದ ಬೇಸಿಗೆಯವರೆಗೆ ನಡೆಸಿದ ಅನುಭವ ಬೇಕು.